ಫೋನಿನ ಕ್ಯಾಮೆರಾದಲ್ಲಿ ವೇಗದ ಬೌಲರ್‌ನ ಆಕ್ಷನ್ ಓದುವುದು, ತಿದ್ದುವುದು: ಒಂದು ಸಮಗ್ರ ಮಾರ್ಗದರ್ಶಿ

ವೇಗದ ಬೌಲರ್‌ನ ಮುಂದಿನ ಕಾಲು ಕ್ರೀಸಿನಲ್ಲಿ ಊರಿದ ಗಳಿಗೆಯಿಂದ ಚೆಂಡು ಅವನ ಬೆರಳು ಬಿಡುವವರೆಗೆ ಹೆಚ್ಚುಕಡಿಮೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವಷ್ಟೇ ಕಳೆದಿರುತ್ತದೆ. ಅಷ್ಟರೊಳಗೆ ಮೊಣಕಾಲು ಭಾರ ತಡೆದು, ಸೊಂಟ ತಿರುಗಿ, ಬೆನ್ನು ಬಾಗಿ, ಭುಜ ಸುತ್ತಿ, ಮಣಿಕಟ್ಟು ಚೆಂಡನ್ನು ಬಿಟ್ಟುಕೊಟ್ಟು ಮುಗಿದಿರುತ್ತದೆ. ಬರಿಗಣ್ಣಿಗೆ ಇದೆಲ್ಲ ಒಂದೇ ಚಲನೆಯಾಗಿ ಕಾಣುತ್ತದೆ. ಹಾಗಾಗಿ ನೆಟ್ಸ್ ಹಿಂದೆ ಕೈಕಟ್ಟಿ ನಿಂತು ‘ತಲೆ ಬೀಳ್ತದ’, ‘ಕೈ ಕೆಳಗ ಬರ್ತದ’ ಎಂದು ನಾವು ಹುಡುಗರಿಗೆ ಹೇಳುವ ಮಾತುಗಳಲ್ಲಿ ಅರ್ಧ ಅನುಭವವಿದ್ದರೆ ಇನ್ನರ್ಧ ಊಹೆಯೇ ಇರುತ್ತದೆ. ಬೌಲರ್‌ನ ಸ್ವಂತ ಅನಿಸಿಕೆಯನ್ನಂತೂ ನಂಬುವಂತಿಲ್ಲ. ತಾನು ನೇರವಾಗಿ ಓಡಿ ಬರುತ್ತಿದ್ದೇನೆ ಎಂದು ಆಣೆಯಿಟ್ಟು ಹೇಳುವ ಹುಡುಗ ಓರೆಯಾಗಿ ಬರುತ್ತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಈ ಊಹೆಯ ಭಾಗವನ್ನು ತೆಗೆದುಹಾಕಲು ಇಂದು ದುಬಾರಿ ಉಪಕರಣಗಳೇನೂ ಬೇಡ. ಕಲಬುರಗಿಯ ಎನ್.ವಿ. ಮೈದಾನಕ್ಕೋ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೋ ಬೆಳಿಗ್ಗೆ ಅಭ್ಯಾಸಕ್ಕೆ ಬರುವ ಹುಡುಗರಲ್ಲಿ ಒಬ್ಬನ ಕೈಯಲ್ಲಾದರೂ ಸ್ಲೋ ಮೋಷನ್ ಇರುವ ಫೋನು ಇದ್ದೇ ಇರುತ್ತದೆ. ಆದರೆ ಆ ಫೋನಿನಲ್ಲಿ ತೆಗೆಯುವ ವಿಡಿಯೊ ಬಹುಮಟ್ಟಿಗೆ ಸ್ಟೇಟಸ್‌ಗೆ ಹಾಕಿಕೊಳ್ಳಲು ಮಾತ್ರ ಯೋಗ್ಯವಾಗಿರುತ್ತದೆ. ಆಕ್ಷನ್ (ಚೆಂಡು ಹಾಕುವಾಗಿನ ಮೈಯ ಚಲನೆ) ಓದಲು ಯೋಗ್ಯವಾದ ವಿಡಿಯೊ ತೆಗೆಯುವುದು, ಅದನ್ನು ಸರಿಯಾದ ಕ್ರಮದಲ್ಲಿ ಓದುವುದು, ಓದಿದ್ದನ್ನು ಮೈದಾನಕ್ಕೆ ತರುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ವಿವರಣೆಯೆಲ್ಲ ಬಲಗೈ ಬೌಲರ್‌ನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಎಡಗೈ ಬೌಲರ್‌ಗೆ ಎಡ-ಬಲಗಳನ್ನು ಅದಲುಬದಲು ಮಾಡಿಕೊಂಡರೆ ಸಾಕು.

ಸಾಮಾನು ಮತ್ತು ಫೋನಿನ ಸೆಟ್ಟಿಂಗ್

ಬೇಕಾಗುವುದು ಫೋನು, ಗಟ್ಟಿಮುಟ್ಟಾದ ಟ್ರೈಪಾಡ್, ಉದ್ದನೆಯ ಅಳತೆ ಟೇಪು, ಸುಣ್ಣದ ಪುಡಿ, ಬಿಳಿ ಅಂಟುಪಟ್ಟಿ, ಮೂರು ಬಿಡಿ ಸ್ಟಂಪು ಮತ್ತು ಒಂದು ನೋಟ್‌ಬುಕ್. ಇವುಗಳ ಜೊತೆಗೆ ನಾನು ಒಂದು ಫರ್ಸಿ ಕಲ್ಲನ್ನೂ (ನೆಲಕ್ಕೆ ಹಾಸುವ ಚಪ್ಪಡಿ) ಸೇರಿಸುತ್ತೇನೆ. ನಮ್ಮ ಕರಿಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ; ಟ್ರೈಪಾಡ್‌ನ ಕಾಲು ಈ ವಾರ ಇದ್ದ ಮಟ್ಟದಲ್ಲಿ ಮುಂದಿನ ವಾರ ಇರುವುದಿಲ್ಲ. ಶಹಾಬಾದ್ ಫರ್ಸಿಯ ಒಂದು ತುಂಡನ್ನು ನೆಲಕ್ಕೆ ಸಮನಾಗಿ ಹೂಳಿ, ಅದರ ಮೇಲೆ ಟ್ರೈಪಾಡ್‌ನ ಮೂರು ಕಾಲುಗಳ ಜಾಗವನ್ನು ಬಣ್ಣದಲ್ಲಿ ಗುರುತು ಮಾಡಿಟ್ಟರೆ, ತಿಂಗಳುಗಳ ನಂತರವೂ ಕ್ಯಾಮೆರಾವನ್ನು ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ನಿಲ್ಲಿಸಬಹುದು. ಇದು ಏಕೆ ಮುಖ್ಯ ಎಂಬುದನ್ನು ಮುಂದೆ ನನ್ನದೇ ತಪ್ಪಿನ ಉದಾಹರಣೆಯಿಂದ ಹೇಳುತ್ತೇನೆ.

ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಚಿತ್ರಗಳಿರುತ್ತವೆ. ಮೇಲೆ ಹೇಳಿದ ಸೆಕೆಂಡಿನ ಹತ್ತನೇ ಭಾಗದಲ್ಲಿ ಸಿಗುವುದು ಮೂರೇ ಚಿತ್ರ. ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್‌ನಲ್ಲಿ ಅದೇ ಅವಧಿಗೆ 24 ಚಿತ್ರ ಸಿಗುತ್ತವೆ. ಗಂಟೆಗೆ 120 ಕಿ.ಮೀ. ವೇಗದ ಚೆಂಡು ಸೆಕೆಂಡಿಗೆ 33 ಮೀಟರಿಗಿಂತ ಹೆಚ್ಚು ಸಾಗುವುದರಿಂದ, 30ರಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅದು 1.1 ಮೀಟರ್ ದಾಟಿರುತ್ತದೆ. 240ರಲ್ಲಿ ಸುಮಾರು 14 ಸೆಂ.ಮೀ. ಮಾತ್ರ. 120 ಚಿತ್ರಗಳ ಫೋನಿನಲ್ಲಿಯೂ ಕೆಲಸ ನಡೆಯುತ್ತದೆ, ಅದಕ್ಕಿಂತ ಕಡಿಮೆಯಾದರೆ ಕಷ್ಟ. ಕೆಲವು ಫೋನುಗಳು ಸೆಕೆಂಡಿಗೆ 960 ಚಿತ್ರ ಎಂದು ತೋರಿಸಿಕೊಂಡರೂ ನಡುವಿನ ಚಿತ್ರಗಳನ್ನು ತಾವೇ ಲೆಕ್ಕಹಾಕಿ ಸೃಷ್ಟಿಸುತ್ತವೆ. ಆ ಚಿತ್ರಗಳಲ್ಲಿ ಇರುವುದು ಬೌಲರ್‌ನ ಕೈಯಲ್ಲ, ಫೋನಿನ ಕಲ್ಪನೆ. ಅಂಥ ಮೋಡ್ ಬೇಡ.

ಇಷ್ಟಕ್ಕೇ ಚಿತ್ರ ಸ್ಪಷ್ಟವಾಗುವುದಿಲ್ಲ. ಪ್ರತಿ ಚಿತ್ರಕ್ಕೆ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಇನ್ನೊಂದು ವಿಷಯ. ಸೆಕೆಂಡಿನ 60ನೇ ಒಂದು ಭಾಗದಷ್ಟು ತೆರೆದಿದ್ದರೆ ಮೇಲಿನ ವೇಗದ ಚೆಂಡು ಚಿತ್ರದಲ್ಲಿ ಅರ್ಧ ಮೀಟರಿಗಿಂತ ಉದ್ದದ ಬಿಳಿ ಗೀರಾಗಿ ಕಾಣುತ್ತದೆ. ಸಾವಿರನೇ ಒಂದು ಭಾಗಕ್ಕೆ ಇಳಿಸಿದರೆ ಮೂರು ಸೆಂ.ಮೀ. ಚಿಲ್ಲರೆ ಮಾತ್ರ. ಪ್ರೊ ಮೋಡ್ ಇರುವ ಫೋನಿನಲ್ಲಿ ಶಟರನ್ನು ಸಾವಿರನೇ ಅಥವಾ ಎರಡು ಸಾವಿರನೇ ಭಾಗಕ್ಕೆ ಹೊಂದಿಸಬೇಕು. ಇಷ್ಟು ಕಡಿಮೆ ಹೊತ್ತು ತೆರೆಯುವ ಶಟರಿಗೆ ಬೆಳಕು ಧಾರಾಳವಾಗಿ ಬೇಕು, ಆ ವಿಷಯದಲ್ಲಿ ಮಾತ್ರ ಕಲಬುರಗಿಯ ಬಿಸಿಲಿಗೆ ನಾವು ಕೃತಜ್ಞರಾಗಿರಬೇಕು. ರಾತ್ರಿ ದೀಪದಡಿಯಲ್ಲಿ ಚಿತ್ರೀಕರಣ ಬೇಡ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದಾದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಸ್ಲೋ ಮೋಷನ್‌ನಲ್ಲಿ ಒಂದು ಚಿತ್ರ ಬೆಳಗಿದರೆ ಮತ್ತೊಂದು ಮಬ್ಬಾಗುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರೊಳಗೆ ಕೆಲಸ ಮುಗಿಸುವುದು ಒಳ್ಳೆಯದು. ಬಿಸಿಲೇರಿದ ಮೇಲೆ ಬೌಲರ್‌ಗಿಂತ ಮೊದಲು ಫೋನೇ ಕೈಚೆಲ್ಲುತ್ತದೆ, ‘ತುಂಬಾ ಬಿಸಿಯಾಗಿದೆ’ ಎಂದು ಹೇಳಿ ಕ್ಯಾಮೆರಾ ಮುಚ್ಚಿಕೊಳ್ಳುತ್ತದೆ. ಟ್ರೈಪಾಡ್‌ಗೆ ಒಂದು ಕೊಡೆ ಕಟ್ಟಿದರೆ ಸಾಕು; ಫೋನಿಗೆ ಐಸು, ಒದ್ದೆಬಟ್ಟೆ ಸುತ್ತುವ ಸಾಹಸ ಬೇಡ.

ಗುರುತು ಹಾಕುವುದು, ಕ್ಯಾಮೆರಾ ನಿಲ್ಲಿಸುವುದು

ಮೊದಲು ಕ್ರೀಸನ್ನು ಅಳತೆಗೆ ಸರಿಯಾಗಿ ಎಳೆಯಿರಿ. ಪಾಪಿಂಗ್ ಕ್ರೀಸು (ಬೌಲರ್‌ನ ಮುಂದಿನ ಕಾಲು ದಾಟಬಾರದ ಅಡ್ಡಗೆರೆ) ಸ್ಟಂಪಿನ ಗೆರೆಯಿಂದ 1.22 ಮೀಟರ್ ಮುಂದೆ, ರಿಟರ್ನ್ ಕ್ರೀಸು (ಪಕ್ಕದ ಉದ್ದಗೆರೆ) ನಡುಸ್ಟಂಪಿನಿಂದ 1.32 ಮೀಟರ್ ಪಕ್ಕಕ್ಕೆ ಬರಬೇಕು. ಮ್ಯಾಟ್ ಹಾಸಿದ ಪಿಚ್‌ಗಳಲ್ಲಿ ಮ್ಯಾಟ್ ಎಳೆದಾಡಿ ಗೆರೆಗಳು ಸರಿದಿರುತ್ತವೆ, ಹಳೆಯ ಗೆರೆಯನ್ನು ನಂಬಬಾರದು. ಬೌಲರ್‌ನ ಹಿಂದಿನ ಕಾಲು (ಬಲಗಾಲು) ಸಾಮಾನ್ಯವಾಗಿ ಬೀಳುವ ಜಾಗದಿಂದ ಪಿಚ್‌ಗೆ ಸಮಾಂತರವಾಗಿ ಮುಂದಕ್ಕೆ ಎರಡು ಮೀಟರ್ ಉದ್ದದ ತೆಳು ಸುಣ್ಣದ ಗೆರೆ ಎಳೆಯಿರಿ. ಮುಂದಿನ ಕಾಲು ಈ ಗೆರೆಯ ಯಾವ ಕಡೆಗೆ, ಎಷ್ಟು ದೂರಕ್ಕೆ ಬಿತ್ತು ಎಂಬುದೇ ಮುಂದೆ ಅನೇಕ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಬೌಲರ್‌ನ ಎರಡೂ ಭುಜದ ತುದಿ, ಸೊಂಟದ ಎರಡು ಮೂಳೆ, ಮುಂದಿನ ಮೊಣಕಾಲು, ಇಷ್ಟು ಕಡೆ ಅಂಟುಪಟ್ಟಿಯ ಚಿಕ್ಕ ತುಂಡು ಅಂಟಿಸಿ. ಸಡಿಲ ಟೀಶರ್ಟಿನ ಮೇಲೆ ಅಂಟಿಸಿದರೆ ಬಟ್ಟೆಯ ಚಲನೆಯನ್ನು ಅಳೆದಂತಾಗುತ್ತದೆ. ಮೈಗಂಟಿದ ಬನಿಯನ್ ಉತ್ತಮ.

ಕ್ಯಾಮೆರಾಕ್ಕೆ ಮೂರು ಜಾಗಗಳಿವೆ. ಒಂದೇ ಫೋನಿದ್ದರೆ ಒಂದೊಂದು ಜಾಗದಿಂದ ಬೇರೆ ಬೇರೆ ಎಸೆತಗಳನ್ನು ತೆಗೆದರಾಯಿತು.

ಮೊದಲನೆಯದು ಪಕ್ಕದ ನೋಟ. ಬೌಲರ್‌ನ ಬಲಗಡೆ, ಅವನ ಕಾಲು ಬೀಳುವ ಜಾಗದಿಂದ ಒಂಬತ್ತು-ಹತ್ತು ಮೀಟರ್ ದೂರದಲ್ಲಿ, ಪಾಪಿಂಗ್ ಕ್ರೀಸಿನ ನೇರಕ್ಕೆ, ಸೊಂಟದ ಎತ್ತರದಲ್ಲಿ ಕ್ಯಾಮೆರಾ ಇರಬೇಕು. ಹತ್ತಿರ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ಅಂಚಿನಲ್ಲಿರುವ ಕೈಕಾಲು ಹಿಗ್ಗಿ ಕಾಣುತ್ತವೆ. ಬೌಲರ್ ಓಡಿದಂತೆ ಫೋನು ತಿರುಗಿಸುವುದೂ ಸಲ್ಲದು. ಕ್ರೀಸಿನ ನೇರಕ್ಕೆ ಇದ್ದೇವೆಯೇ ಎಂದು ಖಚಿತಪಡಿಸಿಕೊಳ್ಳಲು ಒಂದು ಸುಲಭ ಉಪಾಯವಿದೆ: ಪಾಪಿಂಗ್ ಕ್ರೀಸಿನ ಎರಡು ತುದಿಗಳಲ್ಲಿ ಒಂದೊಂದು ಸ್ಟಂಪು ನೆಟ್ಟು, ಹತ್ತಿರದ ಸ್ಟಂಪು ದೂರದ್ದನ್ನು ಪೂರ್ತಿ ಮರೆಮಾಡುವವರೆಗೆ ಫೋನನ್ನು ಆಚೀಚೆ ಸರಿಸಬೇಕು. ನಂತರ ಮೂರನೇ ಸ್ಟಂಪನ್ನು ಬೌಲರ್‌ನ ಕಾಲು ಬೀಳುವ ಜಾಗದಲ್ಲಿಯೇ ನಿಲ್ಲಿಸಿ ಐದು ಸೆಕೆಂಡು ಚಿತ್ರೀಕರಿಸಿ, ಮೂರನ್ನೂ ತೆಗೆದುಬಿಡಿ. ಸ್ಟಂಪಿನ ಎತ್ತರ 71.1 ಸೆಂ.ಮೀ. ಎಂದು ಗೊತ್ತಿರುವುದರಿಂದ ಮುಂದೆ ಹೆಜ್ಜೆಯ ಉದ್ದ, ಜಿಗಿತದ ಎತ್ತರಗಳನ್ನು ಅಳೆಯಲು ಅದೇ ಅಳತೆಗೋಲಾಗುತ್ತದೆ.

ಸೂರ್ಯನ ದಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪಿಚ್‌ಗಳು ಸಾಮಾನ್ಯವಾಗಿ ಉತ್ತರ-ದಕ್ಷಿಣವಾಗಿರುತ್ತವೆ. ಬಲಗೈ ಬೌಲರ್ ದಕ್ಷಿಣದ ತುದಿಯಿಂದ ಉತ್ತರಕ್ಕೆ ಓಡಿ ಬಂದರೆ ಅವನ ಬಲಗಡೆ ಪೂರ್ವವಾಗುತ್ತದೆ. ಬೆಳಗಿನ ಸೂರ್ಯ ಕ್ಯಾಮೆರಾದ ಬೆನ್ನಿಗಿದ್ದು ಬೌಲರ್‌ನ ಮೈಮೇಲೆ ಬೆಳಕು ಬೀಳುತ್ತದೆ. ಸಂಜೆ ಅಭ್ಯಾಸವಾದರೆ ತುದಿ ಬದಲಿಸಬೇಕು.

ಎರಡನೆಯದು ಹಿಂದಿನ ನೋಟ. ರನ್‌ಅಪ್ ಶುರುವಾಗುವ ಜಾಗಕ್ಕಿಂತ ಹಿಂದೆ, ಪಿಚ್‌ನ ಉದ್ದಕ್ಕೆ ನೇರವಾಗಿ, ತಲೆಯ ಎತ್ತರಕ್ಕಿಂತ ತುಸು ಮೇಲೆ ಫೋನು ಇರಿಸಬೇಕು. ಓಟದ ದಾರಿ, ಕಾಲಿನ ಸಾಲು, ಬೆನ್ನು ಪಕ್ಕಕ್ಕೆ ವಾಲುವುದು, ಇವೆಲ್ಲ ಇಲ್ಲಿಂದ ಕಾಣುತ್ತವೆ. ಗ್ಯಾಲರಿಯ ಮೆಟ್ಟಿಲುಗಳು ಹತ್ತಿರವಿದ್ದರೆ ಅವುಗಳ ಮೇಲಿಂದಲೂ ಕೆಲವು ಎಸೆತ ತೆಗೆಯಿರಿ; ಭುಜ ಮತ್ತು ಸೊಂಟದ ತಿರುಗುವಿಕೆ ಎತ್ತರದಿಂದ ಕಂಡಷ್ಟು ಚೆನ್ನಾಗಿ ಬೇರೆಲ್ಲಿಂದಲೂ ಕಾಣುವುದಿಲ್ಲ.

ಮೂರನೆಯದು ಮುಂದಿನ ನೋಟ, ಬ್ಯಾಟರ್‌ನ ಹಿಂದಿನ ಬಲೆಯ ಆಚೆಯಿಂದ. ಬಲೆಯಿಲ್ಲದ ಕಡೆ ಈ ನೋಟವನ್ನು ಬಿಟ್ಟುಬಿಡಿ, ಫೋನಿಗಿಂತ ಅದನ್ನು ಹಿಡಿದವನ ಹಲ್ಲು ಮುಖ್ಯ.

ನನ್ನ ತಪ್ಪು ಆದದ್ದು ಮೊದಲ ಜಾಗದಲ್ಲಿ. ಓಡಿ ಬಂದು ಮುಂದಿನ ಮೊಣಕಾಲು ಕುಸಿಯುವ ಒಬ್ಬ ಹುಡುಗನನ್ನು ಮೂರು ವಾರ ತಿದ್ದಿ, ಮತ್ತೆ ವಿಡಿಯೊ ತೆಗೆದೆ. ಮೊಣಕಾಲು ನೆಟ್ಟಗಾಗಿ ಕಾಣಿಸಿತು, ಬೆನ್ನು ತಟ್ಟಿದೆ, ಅವನೂ ಹಿಗ್ಗಿದ. ಆಮೇಲೆ ಎರಡು ವಿಡಿಯೊಗಳ ಹಿನ್ನೆಲೆಯಲ್ಲಿದ್ದ ಬೇವಿನ ಮರ ಬೇರೆ ಬೇರೆ ಜಾಗದಲ್ಲಿರುವುದು ಕಣ್ಣಿಗೆ ಬಿತ್ತು. ಎರಡನೇ ಸಲ ನಾನು ಕ್ರೀಸಿನ ನೇರದಿಂದ ಮೂರು ಹೆಜ್ಜೆ ಮುಂದೆ ಸರಿದು ನಿಂತಿದ್ದೆ. ಓರೆಯಿಂದ ನೋಡಿದಾಗ ಮುಂದಕ್ಕೆ ಬಾಗಿದ ಮೊಣಕಾಲಿನ ಬಾಗು ಕುಗ್ಗಿ, ಕಾಲು ನೇರವಿದ್ದಂತೆ ಕಾಣುತ್ತದೆ. ಸರಿಯಾದ ಜಾಗದಿಂದ ಮತ್ತೆ ತೆಗೆದು ನೋಡಿದರೆ ಮೊಣಕಾಲು ಇದ್ದ ಹಾಗೇ ಇತ್ತು. ಫರ್ಸಿ ಕಲ್ಲು ಹೂತದ್ದು ಆ ವಾರವೇ.

ಎಸೆತಗಳನ್ನು ಚಿತ್ರೀಕರಿಸುವುದು

ಬೌಲರ್ ಪೂರ್ತಿ ಮೈ ಬಿಸಿ ಮಾಡಿಕೊಂಡಿರಬೇಕು, ಪಂದ್ಯದ ರನ್‌ಅಪ್‌ನಿಂದಲೇ, ಪಂದ್ಯದ ಚೆಂಡಿನಿಂದಲೇ ಹಾಕಬೇಕು. ಟೆನಿಸ್ ಚೆಂಡಿನಲ್ಲಿ ತೆಗೆದ ವಿಡಿಯೊದಿಂದ ಲೆದರ್ ಚೆಂಡಿನ ಆಕ್ಷನ್ ಬಗ್ಗೆ ತೀರ್ಮಾನಿಸಬಾರದು, 155.9ರಿಂದ 163 ಗ್ರಾಂ ತೂಗುವ ಚೆಂಡು ಕೈಯನ್ನು ಎಳೆಯುವ ರೀತಿಯೇ ಬೇರೆ. ಕ್ಯಾಮೆರಾ ಕಂಡರೆ ಹುಡುಗರು ತಮಗಿಷ್ಟದ ಬೌಲರ್‌ನಂತೆ ಓಡಲು ತೊಡಗುತ್ತಾರೆ. ಆದ್ದರಿಂದ ಮೊದಲ ಓವರನ್ನು ತೆಗೆದಂತೆ ಮಾಡಿ ಲೆಕ್ಕಕ್ಕೆ ಹಿಡಿಯಬೇಡಿ. ಪ್ರತಿ ಜಾಗದಿಂದ ಆರು ಎಸೆತ ಸಾಕು, ಒಟ್ಟು ನಾಲ್ಕು ಓವರಿಗಿಂತ ಹೆಚ್ಚು ಬೇಡ. ಪ್ರತಿ ಎಸೆತದ ನಂತರ ಅದು ಎಲ್ಲಿ ಬಿತ್ತು, ಎತ್ತ ಹೋಯಿತು ಎಂಬುದನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಈ ಟಿಪ್ಪಣಿ ಇಲ್ಲದಿದ್ದರೆ ಒಳ್ಳೆಯ ಎಸೆತದ ಆಕ್ಷನ್ನನ್ನೂ ಕೆಟ್ಟ ಎಸೆತದ್ದನ್ನೂ ಹೋಲಿಸಲು ದಾರಿಯೇ ಇರುವುದಿಲ್ಲ.

ಇನ್ನೊಂದು ದಿನ, ನೆಟ್ಸ್‌ನಲ್ಲಿ ಅವನ ಸ್ಪೆಲ್ಲಿನ (ಬಿಡುವಿಲ್ಲದೆ ಹಾಕುವ ಓವರುಗಳ ಸರದಿ) ಕೊನೆಯ ಓವರನ್ನೂ ತೆಗೆಯಿರಿ. ದಣಿದ ಮೈ ಸುಳ್ಳು ಹೇಳುವುದಿಲ್ಲ. ಮೊದಲ ಓವರಿನಲ್ಲಿ ಮುಚ್ಚಿಕೊಂಡಿದ್ದ ದೋಷಗಳೆಲ್ಲ ಅಲ್ಲಿ ಹೊರಬರುತ್ತವೆ.

ವಿಡಿಯೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊ ಆಗಿ ಕಳುಹಿಸಿದರೆ ಅದು ಚಿತ್ರವನ್ನು ಹಿಂಡಿ ಹಿಪ್ಪೆ ಮಾಡುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ, ಇಲ್ಲವೇ ಕೇಬಲ್ ಹಾಕಿ ಕಂಪ್ಯೂಟರಿಗೆ ನೇರವಾಗಿ ತೆಗೆದುಕೊಳ್ಳಿ. ಚಿಕ್ಕ ಮಕ್ಕಳ ವಿಡಿಯೊ ತೆಗೆಯುವ ಮೊದಲು ಮನೆಯವರ ಒಪ್ಪಿಗೆ ಪಡೆಯಬೇಕು, ಅದು ಬೇರೆ ಗುಂಪುಗಳಿಗೆ ಹರಿದಾಡದಂತೆ ನೋಡಿಕೊಳ್ಳಬೇಕು.

ಓದುವುದು, ಅದೂ ಕೊನೆಯಿಂದ ಮೊದಲಿಗೆ

ಕಂಪ್ಯೂಟರಿನಲ್ಲಿ ವಿಡಿಯೊ ನೋಡುವ ವಿಎಲ್‌ಸಿ ತಂತ್ರಾಂಶ ಇದ್ದರೆ ‘ಇ’ ಕೀಲಿ ಒತ್ತಿದಂತೆಲ್ಲ ಒಂದೊಂದೇ ಚಿತ್ರ ಮುಂದೆ ಸಾಗುತ್ತದೆ. ಕೋನ ಅಳೆಯಲು, ಎರಡು ವಿಡಿಯೊಗಳನ್ನು ಅಕ್ಕಪಕ್ಕ ಇಟ್ಟು ನೋಡಲು ವಿಂಡೋಸ್‌ಗೆ ಉಚಿತವಾಗಿ ಸಿಗುವ ಕಿನೋವಿಯಾ ಎಂಬ ತಂತ್ರಾಂಶ ಸಾಕಷ್ಟಾಯಿತು. ಸ್ಲೋ ಮೋಷನ್ ಕಡತವನ್ನು ಅದರಲ್ಲಿ ತೆರೆದಾಗ ನಿಜವಾಗಿ ಸೆಕೆಂಡಿಗೆ ಎಷ್ಟು ಚಿತ್ರ ತೆಗೆದದ್ದು ಎಂದು ನಾವೇ ತಿಳಿಸಬೇಕಾಗುತ್ತದೆ, ಇಲ್ಲವಾದರೆ ಅದು ತೋರಿಸುವ ಸಮಯವೆಲ್ಲ ತಪ್ಪು.

ಮೊದಲು ಮಾಮೂಲಿ ವೇಗದಲ್ಲಿ ಮೂರು ನಾಲ್ಕು ಸಲ ಸುಮ್ಮನೆ ನೋಡಿ. ನಂತರ ಪ್ರತಿ ಎಸೆತದಿಂದ ನಾಲ್ಕು ಚಿತ್ರಗಳನ್ನು ಹೆಕ್ಕಿ ಉಳಿಸಿಕೊಳ್ಳಿ: ಹಿಂದಿನ ಕಾಲು ನೆಲ ತಾಗಿದ ಮೊದಲ ಚಿತ್ರ, ಮುಂದಿನ ಕಾಲು ತಾಗಿದ ಮೊದಲ ಚಿತ್ರ, ಚೆಂಡು ಬೆರಳಿನಿಂದ ಬೇರ್ಪಟ್ಟ ಮೊದಲ ಚಿತ್ರ, ಬೌಲಿಂಗ್ ಕೈ ಎಡತೊಡೆಯನ್ನು ದಾಟಿದ ಚಿತ್ರ.

ಬಹಳಷ್ಟು ಜನ ಇವನ್ನು ಮೊದಲಿನಿಂದ ಕೊನೆಗೆ ನೋಡುತ್ತಾರೆ, ಕಂಡ ತಪ್ಪನ್ನು ಕಂಡಲ್ಲೇ ತಿದ್ದಲು ಹೋಗುತ್ತಾರೆ. ನಾನು ಕಲಿತದ್ದು ಇದರ ತಿರುವುಮುರುವು ಕ್ರಮ. ಚೆಂಡು ಬಿಟ್ಟ ಚಿತ್ರದಿಂದ ಆರಂಭಿಸಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಬೇಕು, ಪ್ರತಿ ದೋಷಕ್ಕೂ ‘ಇದಕ್ಕಿಂತ ಮೊದಲು ಏನಾಗಿತ್ತು’ ಎಂದು ಕೇಳಬೇಕು. ಕೈಯಲ್ಲಿ ಕಂಡದ್ದರ ಬೇರು ಕಾಲಲ್ಲಿ, ಕಾಲಲ್ಲಿ ಕಂಡದ್ದರ ಬೇರು ಓಟದಲ್ಲಿ ಇರುತ್ತದೆ.

ಚೆಂಡು ಬಿಟ್ಟ ಚಿತ್ರದಲ್ಲಿ ನೋಡಬೇಕಾದದ್ದು ಮೂರು. ಒಂದು, ಹಿಂದಿನ ನೋಟದಲ್ಲಿ ತಲೆಯು ಮುಂದಿನ ಪಾದದ ಮೇಲಿದೆಯೇ, ಎಡಕ್ಕೆ ಜಾರಿದೆಯೇ. ಎರಡು, ಬೆನ್ನು ಪಕ್ಕಕ್ಕೆ ಎಷ್ಟು ವಾಲಿದೆ. ಕೈ ಎತ್ತರದಿಂದ ಬರಬೇಕೆಂದರೆ ಸ್ವಲ್ಪ ವಾಲುವುದು ಸಹಜ, ಆದರೆ ವಾಲುವಿಕೆ ಮಿತಿಮೀರಿದರೆ ಕೆಳಬೆನ್ನಿನ ಒಂದೇ ಪಕ್ಕದ ಮೇಲೆ ಹೊರೆ ಬೀಳುತ್ತದೆ. ಮೂರು, ಪಕ್ಕದ ನೋಟದಲ್ಲಿ ಮುಂದಿನ ಮೊಣಕಾಲು. ಕಾಲು ಊರಿದಾಗಿನಿಂದ ಚೆಂಡು ಬಿಡುವವರೆಗೆ ನೆಟ್ಟಗೆ ಉಳಿಯುವ ಕಾಲು ಓಟದ ಓಘವನ್ನು ತಡೆದು ಮೇಲಿನ ಮೈಗೆ ದಾಟಿಸುತ್ತದೆ. ಬಾಗಿ ಕುಸಿಯುವ ಕಾಲಿನಲ್ಲಿ ಆ ಓಘದ ಒಂದು ಭಾಗ ಸೋರಿಹೋಗುತ್ತದೆ. ಹಾಗೆಂದು ಎಲ್ಲ ಹುಡುಗರಿಗೂ ಕಾಲು ನೆಟ್ಟಗೆ ಮಾಡು ಎಂದು ಕೂಗಬಾರದು. ಮುಂದಿನ ಕಾಲು ಊರಿದಾಗ ನೆಲದಿಂದ ಬರುವ ಪೆಟ್ಟು ಮೈತೂಕದ ಐದಾರು ಪಟ್ಟು ಇರುತ್ತದೆ. ತೊಡೆ, ಹೊಟ್ಟೆ, ಬೆನ್ನಿನ ಸ್ನಾಯುಗಳು ಇನ್ನೂ ಬಲಿಯದ ಹದಿಮೂರರ ಹುಡುಗ ಮೊಣಕಾಲು ಬಾಗಿಸುವುದು ಹಲವೊಮ್ಮೆ ದೇಹ ತನ್ನನ್ನು ತಾನು ಕಾಪಾಡಿಕೊಳ್ಳುವ ಉಪಾಯವೇ ಆಗಿರುತ್ತದೆ.

ಮುಂದಿನ ಕಾಲು ಊರಿದ ಚಿತ್ರಕ್ಕೆ ಹಿಂದೆ ಸರಿದರೆ, ಸುಣ್ಣದ ಗೆರೆ ಈಗ ಕೆಲಸಕ್ಕೆ ಬರುತ್ತದೆ. ಪಾದ ಗೆರೆಯ ಬಲಕ್ಕೆ ಹೆಚ್ಚು ಬಿದ್ದಿದ್ದರೆ ಸೊಂಟಕ್ಕೆ ತಿರುಗಿ ಬರಲು ದಾರಿ ಮುಚ್ಚುತ್ತದೆ, ಮೇಲಿನ ಮೈ ಎಡಕ್ಕೆ ಬಿದ್ದು ದಾರಿ ಮಾಡಿಕೊಳ್ಳುತ್ತದೆ. ಎಡಕ್ಕೆ ಹೆಚ್ಚು ಬಿದ್ದಿದ್ದರೆ ಸೊಂಟ ಬೇಗನೆ ತೆರೆದುಕೊಂಡು ಕೈ ಒಂಟಿಯಾಗುತ್ತದೆ. ಹಿಂದಿನ ಕಾಲು ಊರಿದ ಚಿತ್ರದಲ್ಲಿ ಪಾದದ ದಿಕ್ಕು, ಸೊಂಟದ ಗೆರೆ, ಭುಜದ ಗೆರೆ, ಈ ಮೂರನ್ನೂ ಒಟ್ಟಿಗೆ ನೋಡಬೇಕು. ಇದರ ಬಗ್ಗೆ ಮುಂದೆ ವಿವರವಾಗಿ ಹೇಳಬೇಕಾಗಿದೆ. ಅದಕ್ಕೂ ಮುಂಚೆ ಈ ಹಿಂದೆ ಸರಿಯುವ ಓದು ಹೇಗೆ ಫಲ ಕೊಡುತ್ತದೆ ಎಂಬುದಕ್ಕೆ ಒಂದು ಪ್ರಸಂಗ.

ಚಿತ್ತಾಪುರ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹದಿನಾರರ ಹುಡುಗನ ಚೆಂಡು ಆರರಲ್ಲಿ ಮೂರು ಸಲ ಲೆಗ್ ಸ್ಟಂಪಿನ ಹೊರಗೆ ಹೋಗುತ್ತಿತ್ತು. ಎಲ್ಲರೂ ಅವನಿಗೆ ಹೇಳುತ್ತಿದ್ದದ್ದು ಒಂದೇ ಮಾತು, ತಲೆ ಬೀಳಿಸಬೇಡ. ಚೆಂಡು ಬಿಟ್ಟ ಚಿತ್ರದಲ್ಲಿ ತಲೆ ಎಡಕ್ಕೆ ಬಿದ್ದದ್ದು ನಿಜವೇ. ಒಂದು ಹೆಜ್ಜೆ ಹಿಂದಕ್ಕೆ ಹೋದರೆ, ಮುಂದಿನ ಪಾದ ಸುಣ್ಣದ ಗೆರೆಯಿಂದ ಒಂದು ಗೇಣು ಬಲಕ್ಕೆ ಬಿದ್ದಿತ್ತು. ಇನ್ನೂ ಹಿಂದಕ್ಕೆ ಹೋದರೆ, ಜಿಗಿತ ಬ್ಯಾಟರ್‌ನ ಕಡೆಗೆ ಇರದೆ ಬಲಕ್ಕೆ, ಫೈನ್ ಲೆಗ್ಗಿನ ಕಡೆಗೆ ಇತ್ತು. ಅದಕ್ಕೂ ಹಿಂದೆ ಹೋದರೆ, ಓಟವೇ ಎಡದಿಂದ ಬಲಕ್ಕೆ ಓರೆಯಾಗಿತ್ತು. ಅವನ ರನ್‌ಅಪ್ ಗುರುತು ಎಡಕ್ಕೆ, ಮಿಡ್ ಆಫ್ ಕಡೆಗೆ ಎರಡು ಮೀಟರಿನಷ್ಟು ಹೊರಗಿತ್ತು.

“ನಾ ಸೀದಾನೇ ಓಡಿ ಬರ್ತೀನ್ರಿ ಸರ,” ಎಂದ.

“ಇಲ್ಲಿ ನೋಡಪಾ, ನಾಕನೇ ಹೆಜ್ಜಿ ಎಲ್ಲಿ ಬಿತ್ತು ನೋಡು,” ಎಂದು ಪರದೆಯ ಮೇಲೆ ಬೆರಳಿಟ್ಟೆ. ಅವನು ಸ್ವಲ್ಪ ಹೊತ್ತು ನೋಡಿ, ಎದ್ದು ಹೋಗಿ, ತನ್ನ ಗುರುತಿನ ಮೇಲಿದ್ದ ಚಪ್ಪಲಿಯನ್ನು ತಾನೇ ಒಳಕ್ಕೆ ಸರಿಸಿದ. ತಲೆಯ ಬಗ್ಗೆ ಆ ದಿನ ಯಾರೂ ಒಂದು ಮಾತನ್ನೂ ಆಡಲಿಲ್ಲ. ಎರಡು ವಾರದ ನಂತರದ ವಿಡಿಯೊದಲ್ಲಿ ಪಾದ ಗೆರೆಯ ಮೇಲೆ ಬೀಳುತ್ತಿತ್ತು, ತಲೆ ಬಹುಪಾಲು ನೇರವಾಗಿತ್ತು.

ಬೆನ್ನು ಮುರಿಯುವ ಮಿಶ್ರ ಆಕ್ಷನ್

ಹಿಂದಿನ ಪಾದ ಕ್ರೀಸಿಗೆ ಸಮಾಂತರವಾಗಿ ಊರಿ, ಸೊಂಟವೂ ಭುಜವೂ ಪಕ್ಕಕ್ಕೆ ತಿರುಗಿ, ಎಡಭುಜ ಬ್ಯಾಟರ್‌ನತ್ತ ಇದ್ದರೆ ಅದು ಸೈಡ್ ಆನ್ ಆಕ್ಷನ್. ಪಾದ ಬ್ಯಾಟರ್‌ನತ್ತ ಮುಖ ಮಾಡಿ, ಸೊಂಟ-ಭುಜಗಳೆರಡೂ ತೆರೆದಿದ್ದರೆ ಫ್ರಂಟ್ ಆನ್. ಇವೆರಡರ ನಡುವೆ ಎಲ್ಲಿಯಾದರೂ ಸೊಂಟ-ಭುಜಗಳು ಒಂದೇ ದಿಕ್ಕಿಗಿದ್ದರೆ ಅದೂ ಸರಿಯೇ. ತೊಂದರೆ ಇರುವುದು ಮಿಶ್ರ ಆಕ್ಷನ್‌ನಲ್ಲಿ, ಅಂದರೆ ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ಇರುವಾಗ. ಅದರಲ್ಲೂ ಹಿಂದಿನ ಕಾಲು ಊರಿದ ಮೇಲೆ, ಮುಂದಿನ ಕಾಲು ಊರುವ ಮೊದಲು ಭುಜಗಳು ಹಿಮ್ಮುಖವಾಗಿ ತಿರುಗಿ ಮತ್ತೆ ಮುಂದಕ್ಕೆ ಬಂದರೆ, ಬಟ್ಟೆ ಹಿಂಡಿದಂತೆ ಕೆಳಬೆನ್ನು ತಿರುಚಿಕೊಳ್ಳುತ್ತದೆ. ಈ ಹಿಮ್ಮುಖ ತಿರುಗು 30 ಡಿಗ್ರಿ ದಾಟಿದರೆ ಎಚ್ಚರಿಕೆಯ ಗಂಟೆ ಎಂದು ತರಬೇತುದಾರರು ಸಾಮಾನ್ಯವಾಗಿ ಎಣಿಸುತ್ತಾರೆ.

ಬಲಗೈ ವೇಗಿಗಳಿಗೆ ಸೊಂಟದ ಭಾಗದ ಕಶೇರುಕಗಳ ಎಡಬದಿಯಲ್ಲಿ ಕೂದಲೆಳೆಯಂಥ ಬಿರುಕು ಮೂಡುವುದು ಈ ಕಸುಬಿನ ಹಳೆಯ ಶಾಪ. ಆಸ್ಟ್ರೇಲಿಯಾದ ವೇಗಿ ಡೆನಿಸ್ ಲಿಲ್ಲಿ 1973ರಲ್ಲಿ ಇದರಿಂದ ಮೂಲೆಗುಂಪಾಗಿ, ಆಕ್ಷನ್ ಬದಲಿಸಿಕೊಂಡು ಮರಳಿದರು. ನಮ್ಮವರೇ ಆದ ಕರ್ನಾಟಕದ ವೇಗಿ ಪ್ರಸಿದ್ಧ್ ಕೃಷ್ಣ 2023ರ ಐಪಿಎಲ್ ಅನ್ನು ಇಂಥದೇ ಬಿರುಕಿನಿಂದ ಪೂರ್ತಿ ಕಳೆದುಕೊಂಡರು. ಎಲ್ಲ ಬಿರುಕಿಗೂ ಆಕ್ಷನ್ ಒಂದೇ ಕಾರಣವಲ್ಲ. ಹೆಚ್ಚು ಓವರು, ಕಡಿಮೆ ವಿಶ್ರಾಂತಿ, ಗಟ್ಟಿ ನೆಲ ಇವೂ ಸೇರಿಕೊಳ್ಳುತ್ತವೆ. ನಮ್ಮ ಊರುಗಳಲ್ಲಿ ಸಿಮೆಂಟಿನ ಮೇಲೆ ಮ್ಯಾಟ್ ಹಾಸಿದ ಪಿಚ್‌ಗಳಲ್ಲಿ ದಿನವೂ ಹಾಕುವ ಹುಡುಗರ ವಿಷಯದಲ್ಲಿ ಈ ಮೂರನೆಯದನ್ನು ಮರೆಯುವಂತಿಲ್ಲ.

ಎತ್ತರದಿಂದ ತೆಗೆದ ವಿಡಿಯೊದಲ್ಲಿ ಎರಡೂ ಭುಜದ ಅಂಟುಪಟ್ಟಿಗಳನ್ನು ಸೇರಿಸಿ ಒಂದು ಗೆರೆ, ಸೊಂಟದ ಎರಡನ್ನು ಸೇರಿಸಿ ಇನ್ನೊಂದು ಗೆರೆ ಎಳೆದು, ಹಿಂದಿನ ಕಾಲು ಊರಿದ ಮತ್ತು ಮುಂದಿನ ಕಾಲು ಊರಿದ ಎರಡು ಚಿತ್ರಗಳಲ್ಲಿ ಹೋಲಿಸಿ. ಕ್ಯಾಮೆರಾ ನೇರ ತಲೆಯ ಮೇಲೆ ಇರದಿದ್ದರೆ ಡಿಗ್ರಿಯ ಲೆಕ್ಕ ಅಂದಾಜು ಮಾತ್ರ. ಆದರೂ ಭುಜ ಹಿಂದಕ್ಕೆ ಸುತ್ತುತ್ತಿದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಇಂಥ ಆಕ್ಷನ್ ಇರುವ ಹುಡುಗ ಕೆಳಬೆನ್ನಿನ ಒಂದು ಪಕ್ಕ ನೋಯುತ್ತದೆ, ಹಿಂದಕ್ಕೆ ಬಾಗಿದರೆ ಹೆಚ್ಚಾಗುತ್ತದೆ ಎಂದರೆ ಫೋನನ್ನು ಜೇಬಿಗಿಟ್ಟು, ಬೌಲಿಂಗ್ ನಿಲ್ಲಿಸಿ, ಮೂಳೆ ವೈದ್ಯರಲ್ಲಿಗೆ ಕಳುಹಿಸಬೇಕು. ಜಂಡೂ ಬಾಮ್ ಹಚ್ಚಿಕೊಂಡು ಪಂದ್ಯ ಮುಗಿಸು ಎನ್ನುವ ಹಿರಿಯರ ಮಾತಿಗೆ ಇಲ್ಲಿ ಬೆಲೆ ಕೊಡಬಾರದು.

ಮೊಣಕೈ ಬಗ್ಗೆ ತೀರ್ಪು ಕೊಡಬೇಡಿ

ಬೌಲಿಂಗ್ ಕೈ ಭುಜದ ಮಟ್ಟಕ್ಕೆ ಬಂದಾಗಿನಿಂದ ಚೆಂಡು ಬಿಡುವವರೆಗೆ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಬಾರದು ಎಂಬುದು 2005ರಿಂದ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿರುವ ಮಿತಿ. ಇದನ್ನು ಅಳೆಯುವುದು ಅನೇಕ ಕ್ಯಾಮೆರಾಗಳಿರುವ ಪ್ರಯೋಗಾಲಯದಲ್ಲಿ, ಮೂರು ಆಯಾಮಗಳಲ್ಲಿ. ಒಂದು ಫೋನಿನ ಚಪ್ಪಟೆ ಚಿತ್ರದಲ್ಲಿ ತಿರುಗುತ್ತಿರುವ ಕೈಯ ಬಾಗು ಇಲ್ಲದಿದ್ದರೂ ಇದ್ದಂತೆ ಕಾಣಬಹುದು. ಅದೂ ಅಲ್ಲದೆ ಫೋನಿನ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ವೇಗವಾಗಿ ಸುತ್ತುವ ಕೈ ಬಿಲ್ಲಿನಂತೆ ಬಾಗಿ ಕಾಣುತ್ತದೆ. ಜಸ್‌ಪ್ರೀತ್ ಬುಮ್ರಾ ಅವರ ಹಾಗೆ ಮೊಣಕೈ ಹಿಂದಕ್ಕೂ ಬಾಗುವವರ ವಿಷಯದಲ್ಲಂತೂ ಕಣ್ಣು ಪೂರ್ತಿ ಮೋಸಹೋಗುತ್ತದೆ. ಒಂದು ಸ್ಕ್ರೀನ್‌ಶಾಟ್ ಹಿಡಿದು ಹುಡುಗನೊಬ್ಬನನ್ನು ‘ಒಗೀತಾನ’ (ಕೈ ಮಡಚಿ ಎಸೆಯುತ್ತಾನೆ) ಎಂದು ಊರೆಲ್ಲ ಸಾರುವುದು ಅನ್ಯಾಯ.

ಬೇಸ್‌ಬಾಲ್ ಪಿಚರ್‌ಗಳ ವಿಡಿಯೊ ವಿಶ್ಲೇಷಣೆ ನೋಡಿ ಬರುವವರಿಗೂ ಒಂದು ಮಾತು. ಚಿತ್ರ ತೆಗೆಯುವ ವಿಧಾನವನ್ನು ಅಲ್ಲಿಂದ ಧಾರಾಳವಾಗಿ ಕಲಿಯಬಹುದು, ಆದರೆ ಮೈಗೆ ಸಂಬಂಧಿಸಿದ ಸಲಹೆಗಳನ್ನು ಹಾಗೇ ಎತ್ತಿಕೊಳ್ಳಲಾಗದು. ಪಿಚರ್ 25.4 ಸೆಂ.ಮೀ. ಎತ್ತರದ ದಿಬ್ಬದ ಮೇಲೆ ನಿಂತಲ್ಲಿಂದಲೇ, ಮೊಣಕೈ ಬಾಗಿಸಿ 18.44 ಮೀಟರ್ ದೂರಕ್ಕೆ ಎಸೆಯುತ್ತಾನೆ. ಅವನಿಗೆ ಹೆಚ್ಚಾಗಿ ಕೈಕೊಡುವುದು ಮೊಣಕೈಯ ಒಳಬದಿಯ ಅಸ್ಥಿಬಂಧ. ಓಡಿ ಬಂದು ಕೈ ನೀಡಿ ಹಾಕುವ ನಮ್ಮ ವೇಗಿಗೆ ಬೆನ್ನು.

ತಿದ್ದುವುದು

ಒಂದು ಸಲಕ್ಕೆ ಒಂದೇ ತಿದ್ದುಪಡಿ. ವಿಡಿಯೊದಲ್ಲಿ ಏಳು ದೋಷ ಕಂಡರೂ ಹುಡುಗನಿಗೆ ಹೇಳಬೇಕಾದದ್ದು ಬೇರಿಗೆ ಹತ್ತಿರವಿರುವ ಒಂದನ್ನು, ಅದೂ ದೇಹದ ಭಾಗದ ಹೆಸರಿಲ್ಲದೆ ಸಾಧ್ಯವಾದರೆ ಇನ್ನೂ ಒಳ್ಳೆಯದು. ‘ಸೊಂಟ ತಿರುಗಿಸು’ ಎಂದರೆ ಅವನು ಗಟ್ಟಿಯಾಗುತ್ತಾನೆ; ‘ಈ ಎರಡು ಸ್ಟಂಪಿನ ನಡುವೆ ಓಡಿ ಹೋಗು’ ಎಂದರೆ ಸೊಂಟ ತಾನಾಗಿ ತಿರುಗುತ್ತದೆ. ಓಟ ಓರೆಯಾಗಿದ್ದರೆ ಎರಡು ಸುಣ್ಣದ ಗೆರೆಗಳ ಓಣಿ ಎಳೆಯಿರಿ. ಕಾಲು ಅಡ್ಡ ಬೀಳುತ್ತಿದ್ದರೆ, ಗೆರೆಯ ಬಲಕ್ಕೆ ಹಳೆಯ ಸಾಕ್ಸಿನಲ್ಲಿ ಮರಳು ತುಂಬಿ ಇಟ್ಟು, ಅದನ್ನು ತುಳಿಯದೆ ಹಾಕಲು ಹೇಳಿ. ಗಟ್ಟಿ ವಸ್ತು ಇಟ್ಟರೆ ಪಾದ ಉಳುಕುತ್ತದೆ. ಮೊದಲು ನಡೆಯುತ್ತಾ, ನಂತರ ನಾಲ್ಕು ಹೆಜ್ಜೆಯಿಂದ, ಆಮೇಲೆ ಅರ್ಧ ರನ್‌ಅಪ್‌ನಿಂದ, ಕೊನೆಗೆ ಪೂರ್ತಿ ಓಟದಿಂದ. ಪೂರ್ತಿ ವೇಗಕ್ಕೆ ಬಂದೊಡನೆ ಹಳೆಯ ರೂಢಿ ಮರಳುವುದು ಸಾಮಾನ್ಯ. ಆಗ ಒಂದು ಮೆಟ್ಟಿಲು ಕೆಳಗಿಳಿಯಬೇಕು, ಬೈಯಬಾರದು. ಪಂದ್ಯಾವಳಿ ವಾರವಿದ್ದಾಗ ತಿದ್ದುಪಡಿಗೆ ಕೈಹಾಕಲೇಬಾರದು.

ವಿಡಿಯೊವನ್ನು ಹುಡುಗನಿಗೆ ತೋರಿಸುವಾಗ ಮೊದಲು ಅವನನ್ನೇ ಕೇಳಿ, ಏನು ಕಾಣುತ್ತದೆ ಎಂದು. ಗೆಳೆಯರ ಗುಂಪಿನ ಎದುರು ತೋರಿಸಬೇಡಿ, ಅಲ್ಲಿ ನಗೆಪಾಟಲಾದವನು ಮರುದಿನ ಕ್ಯಾಮೆರಾ ಕಂಡರೆ ದೂರ ಓಡುತ್ತಾನೆ.

ವೇಗದ ಲೆಕ್ಕ

ತಿದ್ದುಪಡಿಯಿಂದ ವೇಗ ಕುಗ್ಗಿತೋ ಹಿಗ್ಗಿತೋ ಎಂದು ತಿಳಿಯಲು ರಾಡಾರ್ ಗನ್ ಬೇಕಿಲ್ಲ. ಎರಡು ಪಾಪಿಂಗ್ ಕ್ರೀಸುಗಳ ನಡುವಿನ ದೂರ 17.68 ಮೀಟರ್. ಪಕ್ಕದಿಂದ, ಇಡೀ ಪಿಚ್ ಕಾಣುವಷ್ಟು ದೂರದಿಂದ 240 ಚಿತ್ರಗಳಲ್ಲಿ ತೆಗೆದು, ಚೆಂಡು ಈಚೆಯ ಕ್ರೀಸಿನಿಂದ ಆಚೆಯ ಕ್ರೀಸಿಗೆ ಮುಟ್ಟಲು ಎಷ್ಟು ಚಿತ್ರ ಹಿಡಿಯಿತು ಎಂದು ಎಣಿಸಿ. 130 ಚಿತ್ರವಾದರೆ 0.54 ಸೆಕೆಂಡು, ಅಂದರೆ ಗಂಟೆಗೆ ಸುಮಾರು 117 ಕಿ.ಮೀ. ಇದು ದಾರಿಯುದ್ದದ ಸರಾಸರಿ. ಪುಟಿದ ಮೇಲೆ ಚೆಂಡು ನಿಧಾನವಾಗುವುದರಿಂದ ಟಿ.ವಿ.ಯಲ್ಲಿ ತೋರಿಸುವ, ಕೈಬಿಟ್ಟಾಗಿನ ವೇಗ ಇದಕ್ಕಿಂತ ಹೆಚ್ಚಿರುತ್ತದೆ. ಎಣಿಕೆಯಲ್ಲಿ ಒಂದು ಚಿತ್ರ ಆಚೀಚೆಯಾದರೆ ಇಲ್ಲಿ ಒಂದು ಕಿ.ಮೀ.ಯೂ ತಪ್ಪುವುದಿಲ್ಲ, 30 ಚಿತ್ರಗಳ ವಿಡಿಯೊದಲ್ಲಿ ಏಳು ಕಿ.ಮೀ. ತಪ್ಪುತ್ತದೆ. ಒಂದೇ ಲೆಂತಿನ (ಹೆಚ್ಚುಕಡಿಮೆ ಒಂದೇ ದೂರದಲ್ಲಿ ಪುಟಿದ) ಐದಾರು ಎಸೆತಗಳ ಸರಾಸರಿ ತೆಗೆದು, ಹಿಂದಿನ ತಿಂಗಳ ಸರಾಸರಿಯೊಂದಿಗೆ ಹೋಲಿಸಿ. ಪಕ್ಕದ ಊರಿನ ಹುಡುಗನ ಅಂಕಿಯೊಂದಿಗೆ ಹೋಲಿಸಬೇಡಿ, ಅವನ ಕ್ಯಾಮೆರಾ ಎಲ್ಲಿತ್ತೋ ಯಾರಿಗೆ ಗೊತ್ತು.

ಮತ್ತೆ ತೆಗೆಯುವುದು

ತಿದ್ದುಪಡಿ ಆರಂಭಿಸಿದ ಎರಡು ವಾರಕ್ಕೊಮ್ಮೆ, ಆಮೇಲೆ ಆರು ವಾರಕ್ಕೊಮ್ಮೆ ಅದೇ ಫರ್ಸಿಯ ಮೇಲಿಂದ, ಅದೇ ಹೊತ್ತಿನಲ್ಲಿ, ಅದೇ ತುದಿಯಿಂದ ತೆಗೆಯಿರಿ. ಹಳೆಯ ಮತ್ತು ಹೊಸ ವಿಡಿಯೊಗಳನ್ನು ಮುಂದಿನ ಕಾಲು ಊರಿದ ಚಿತ್ರಕ್ಕೆ ಹೊಂದಿಸಿ ಅಕ್ಕಪಕ್ಕ ಓಡಿಸಿ ನೋಡಿ. ಹಳೆಯದನ್ನು ಅಳಿಸಬೇಡಿ, ಗಾಯದ ನಂತರ ಮರಳುವ ಬೌಲರ್‌ಗೆ ತಾನು ಚೆನ್ನಾಗಿದ್ದಾಗ ಹೇಗೆ ಹಾಕುತ್ತಿದ್ದೆ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಕಡತದ ಹೆಸರಿನಲ್ಲಿ ದಿನಾಂಕ, ಜಾಗ, ಎಸೆತದ ಸಂಖ್ಯೆಗಳ ಜೊತೆ ಹುಡುಗನ ಎತ್ತರವನ್ನೂ ಬರೆಯಿರಿ. ಹದಿನಾಲ್ಕು-ಹದಿನೈದರ ಹುಡುಗ ಒಂದು ಬೇಸಿಗೆಯಿಂದ ಇನ್ನೊಂದಕ್ಕೆ ಗೇಣುದ್ದ ಬೆಳೆದಿರುತ್ತಾನೆ, ಕಾಲು ಉದ್ದವಾಗಿ ಹೆಜ್ಜೆಯೂ ಉದ್ದವಾಗಿರುತ್ತದೆ. ಆಗ ಅವನು ನೋ ಬಾಲ್ ಹಾಕುತ್ತಿದ್ದರೆ, ಆಕ್ಷನ್ ಮುಟ್ಟುವ ಮೊದಲು ಟೇಪು ತೆಗೆದು ರನ್‌ಅಪ್ ಗುರುತನ್ನು ಹೊಸದಾಗಿ ಅಳೆಯಿರಿ.